ಬದಲಿ ನಿಲ್ದಾಣ: ಹತ್ತಿರದ್ದೇ ಸಾಕೇ?

ಪ್ರಶ್ನೆ: ಗಮ್ಯಕ್ಕೆ ತೀರಾ ಹತ್ತಿರವಿರುವ ವಿಮಾನ ನಿಲ್ದಾಣವನ್ನೇ ಬದಲಿಯಾಗಿ (ಗಮ್ಯದಲ್ಲಿ ಇಳಿಯಲಾಗದಿದ್ದರೆ ಹೋಗುವ ನಿಲ್ದಾಣವಾಗಿ) ಆರಿಸಿದರೆ ಇಂಧನ ಉಳಿಯುವುದಿಲ್ಲವೇ?

ಉತ್ತರ: ಉಳಿಯುತ್ತದೆ. ಆದರೆ ಒಂದೇ ಮಂಜು ಎರಡೂ ನಿಲ್ದಾಣಗಳ ರನ್‌ವೇಗಳನ್ನು ಒಟ್ಟಿಗೇ ಮುಚ್ಚಿಬಿಟ್ಟರೆ ಆ ಉಳಿತಾಯಕ್ಕೆ ಅರ್ಥವಿಲ್ಲ. ಮೊದಲು ಬದಲಿ ನಿಲ್ದಾಣಕ್ಕೆ ತಲುಪುವ ಹೊತ್ತಿನ ಹವಾಮಾನ ಮುನ್ಸೂಚನೆ ನೋಡಿ, ಒಂದು ಗಂಟೆ ಹಿಂದುಮುಂದು ಸೇರಿಸಿಯೇ. ‘ತಾತ್ಕಾಲಿಕ ಗುಡುಗುಮಳೆ’ ಎಂಬ ಸಾಲನ್ನು ಕಡೆಗಣಿಸುವುದು ದೊಡ್ಡ ತಪ್ಪು. ಯೋಜನೆಯ ಹಂತದಲ್ಲಿ ಗೋಚರತೆ, ಮೋಡದ ಎತ್ತರ ಎರಡೂ ಇಳಿಯಲು ಬೇಕಾದ ಕನಿಷ್ಠಕ್ಕಿಂತ ಹೆಚ್ಚಿಗೇ ಇರಬೇಕು. ರನ್‌ವೇ ಉದ್ದ, ಅಗ್ನಿಶಾಮಕ ದರ್ಜೆ (ಬೆಂಕಿ ನಂದಿಸುವ ವ್ಯವಸ್ಥೆಯ ಮಟ್ಟ), ರಾತ್ರಿ ತೆರೆದಿರುತ್ತದೆಯೇ ಎಂಬುದನ್ನೂ ನೋಡಿ. ನೋಟಾಮ್ (ರನ್‌ವೇ ಮುಚ್ಚಿರುವಂಥ ವಿಷಯ ತಿಳಿಸಲು ಪೈಲಟ್‌ಗಳಿಗೆ ಕೊಡುವ ಸೂಚನೆ) ಓದದೆ ಹೊರಡಬೇಡಿ.

ಇಂಧನದ ಲೆಕ್ಕ ಗಮ್ಯದಲ್ಲಿ ಇಳಿಯಲಾಗದೆ ಮತ್ತೆ ಮೇಲೇರುವಲ್ಲಿಂದ ಶುರು, ಬದಲಿಯಲ್ಲಿ ಇಳಿಯುವವರೆಗೆ. ಅದರ ಮೇಲೆ ಜೆಟ್ ವಿಮಾನಕ್ಕೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು ಅಂತಿಮ ಮೀಸಲು ಬೇಕು. ಈ 30 ನಿಮಿಷವನ್ನು ಯೋಜನೆಯಲ್ಲಿ ಬೇರೆ ಯಾವುದಕ್ಕೂ ಎಣಿಸುವಂತಿಲ್ಲ.