ದಕ್ಷಿಣ ಏಷ್ಯಾ ಕ್ರೀಡಾಕೂಟ ಬೆಂಗಳೂರಿಗೆ ಬರಬಹುದೇ?

ಪ್ರಶ್ನೆ: ದಕ್ಷಿಣ ಏಷ್ಯಾ ಕ್ರೀಡಾಕೂಟವನ್ನು ಭಾರತವು ಕೋಲ್ಕತ್ತ, ಚೆನ್ನೈ, ಗುವಾಹಟಿಗಳಲ್ಲಿ ನಡೆಸಿದೆ. ಇಷ್ಟೊಂದು ಕ್ರೀಡಾಂಗಣಗಳಿರುವ ಬೆಂಗಳೂರಿಗೆ ಈ ಭಾಗ್ಯ ಏಕಿಲ್ಲ? ನಮ್ಮ ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಸಾಕೇ?
– ಓದುಗರೊಬ್ಬರು, ಬಸವೇಶ್ವರನಗರ

ಉತ್ತರ: ರಾಜ್ಯ ಸರ್ಕಾರ ಮನಸ್ಸು ಮಾಡಲೇಬೇಕು, ಆದರೆ ಅಷ್ಟರಿಂದಲೇ ಕೂಟ ಬರುವುದಿಲ್ಲ. 1983ರಲ್ಲಿ ರಚನೆಯಾದ ದಕ್ಷಿಣ ಏಷ್ಯಾ ಒಲಿಂಪಿಕ್ ಮಂಡಳಿಯು ಆತಿಥ್ಯವನ್ನು ಒಂದು ದೇಶದ ಒಲಿಂಪಿಕ್ ಸಂಸ್ಥೆಗೆ ಒಪ್ಪಿಸುತ್ತದೆಯೇ ಹೊರತು ನೇರವಾಗಿ ಯಾವುದೇ ರಾಜ್ಯಕ್ಕಲ್ಲ. ಭಾರತೀಯ ಒಲಿಂಪಿಕ್ ಸಂಸ್ಥೆಯು ನಗರವನ್ನು ಆರಿಸಬೇಕು, ಕೇಂದ್ರ ಸರ್ಕಾರ ಒಪ್ಪಬೇಕು. ಆ ಬಳಿಕವೇ ಮೈದಾನ, ವಸತಿ, ಪೊಲೀಸ್ ಬಂದೋಬಸ್ತು, ಸಾರಿಗೆಗಳ ಹೊಣೆ ರಾಜ್ಯದ ಹೆಗಲಿಗೆ ಬರುತ್ತದೆ. ಮೇಲಾಗಿ ಸರದಿಯೂ ನಮ್ಮದಾಗಬೇಕು. 2019ರ ಕಠ್ಮಂಡು ಕೂಟದ ನಂತರದ ಸರದಿ ಪಾಕಿಸ್ತಾನದ್ದಾಗಿದ್ದು, ಅದು ಹಲವು ಬಾರಿ ಮುಂದೂಡಲ್ಪಟ್ಟಿದೆ.

ಮುಂದೂಡಿಕೆ ಈ ಕೂಟಕ್ಕೆ ಹೊಸದೇನಲ್ಲ. 2001ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಾಗಿದ್ದ ಕೂಟವು ಅಮೆರಿಕದ ಮೇಲಿನ ಸೆಪ್ಟೆಂಬರ್ ದಾಳಿ ಹಾಗೂ ಅಫ್ಗಾನಿಸ್ತಾನದ ಯುದ್ಧದ ಕಾರಣದಿಂದ 2004ಕ್ಕೆ ಹೋಯಿತು. 2012ರಲ್ಲಿ ದೆಹಲಿಯಲ್ಲಿ ಆಗಬೇಕಾಗಿದ್ದ ಕೂಟ ಕೊನೆಗೆ ನಡೆದದ್ದು 2016ರ ಫೆಬ್ರುವರಿಯಲ್ಲಿ, ಅದೂ ಗುವಾಹಟಿ ಮತ್ತು ಶಿಲ್ಲಾಂಗ್‌ಗಳಲ್ಲಿ. ನಡುವೆ 2012ರ ಡಿಸೆಂಬರಿನಿಂದ 2014ರ ಫೆಬ್ರುವರಿಯವರೆಗೆ ಭಾರತೀಯ ಒಲಿಂಪಿಕ್ ಸಂಸ್ಥೆಯೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಿಂದ ಅಮಾನತುಗೊಂಡಿತ್ತು. ಆದ್ದರಿಂದ ಬೆಂಗಳೂರಿಗೆ ಅವಕಾಶ ತಪ್ಪಿದ್ದರಲ್ಲಿ ನಗರದ ಕೊರತೆಗಿಂತ ಕೂಟದ ಹಣೆಬರಹವೇ ಹೆಚ್ಚು ಎನ್ನಬೇಕು.

ಸೌಕರ್ಯದ ಮಾತಿಗೆ ಬಂದರೆ ಗುವಾಹಟಿಯ ಉದಾಹರಣೆ ನಮಗೆ ಉಪಯುಕ್ತ. 2007ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಸರುಸಜಾಯಿಯಲ್ಲಿ ಕಟ್ಟಿದ ಕ್ರೀಡಾಂಗಣವನ್ನೇ ಅಸ್ಸಾಂ ಸರ್ಕಾರ 2016ರಲ್ಲಿ ಬಳಸಿಕೊಂಡಿತು. ಕರ್ನಾಟಕವೂ 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟವನ್ನು ನಡೆಸಿದ್ದು, ಕೋರಮಂಗಲದ ಒಳಾಂಗಣ ಕ್ರೀಡಾಂಗಣ ಆ ಕಾಲದ್ದೇ. ಕಂಠೀರವದ ಟ್ರ್ಯಾಕ್, ಶಾಂತಿನಗರದ ಹಾಕಿ ಮೈದಾನ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ, ಬಸವನಗುಡಿಯ ಈಜುಕೊಳ, ಮೈಸೂರು ರಸ್ತೆಯ ಕಡೆಗಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಇವಿಷ್ಟನ್ನು ಸುಸ್ಥಿತಿಗೆ ತಂದರೆ ಕೂಟದ ಬಹುಭಾಗ ಮುಗಿದಂತೆ. ಉಳಿದದ್ದನ್ನು ಶಿಲ್ಲಾಂಗ್‌ನಂತೆ ಮೈಸೂರಿಗೆ ಬಿಟ್ಟುಕೊಡಬಹುದು. 2025ರ ಜುಲೈ 5ರಂದು ನೀರಜ್ ಚೋಪ್ರಾ ಅವರ ಹೆಸರಿನ ಜಾವೆಲಿನ್ ಸ್ಪರ್ಧೆ ಪಂಚಕುಲದಿಂದ ಕಂಠೀರವಕ್ಕೆ ವರ್ಗವಾದದ್ದು ಅಲ್ಲಿನ ಹೊನಲು ಬೆಳಕಿನ ಕೊರತೆಯಿಂದ ಎಂಬುದನ್ನು ನೆನಪಿಸಿಕೊಂಡರೆ, ನಮ್ಮ ಮೈದಾನವನ್ನು ತೀರಾ ಹೀಗಳೆಯಬೇಕಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಾದ್ದರಿಂದ ಹವೆಯೂ ಓಟಗಾರರಿಗೆ ಹಿತವೇ.

ಪ್ರಶ್ನೆ: ಆತಿಥೇಯ ದೇಶ ತನಗೆ ಬೇಡವೆನಿಸಿದ ತಂಡಕ್ಕೆ ವೀಸಾ ನಿರಾಕರಿಸಬಹುದೇ? ಪಾಕಿಸ್ತಾನದ ಆಟಗಾರರನ್ನು ಕರೆಯದೆ ಕೂಟ ನಡೆಸಿದರೆ ಯಾರಿಗೇನು ನಷ್ಟ?
– ಓದುಗರೊಬ್ಬರು, ಯಲಹಂಕ

ಉತ್ತರ: ವೀಸಾ ಕೊಡುವುದು, ಬಿಡುವುದು ಸಾರ್ವಭೌಮ ಸರ್ಕಾರದ ಅಧಿಕಾರ. ಆದರೆ ಆತಿಥ್ಯವನ್ನು ಬೇಡಿ ಪಡೆಯುವಾಗ ಅರ್ಹತೆಯಿರುವ ಎಲ್ಲ ತಂಡಗಳಿಗೂ ಪ್ರವೇಶ ಕೊಡುವುದಾಗಿ ಮಾತು ಕೊಟ್ಟಿರುತ್ತೇವೆ. ಆ ಮಾತು ಮುರಿದರೆ ತೆರಬೇಕಾದ ಬೆಲೆ ಏನೆಂಬುದನ್ನು ಭಾರತ 2019ರಲ್ಲಿ ಕಂಡಿದೆ. ಆ ವರ್ಷದ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ಬೆನ್ನಿಗೇ, ದೆಹಲಿಯ ವಿಶ್ವಕಪ್ ಶೂಟಿಂಗ್ ಸ್ಪರ್ಧೆಗೆ ಬರಬೇಕಾಗಿದ್ದ ಪಾಕಿಸ್ತಾನಿ ಶೂಟರ್‌ಗಳಿಗೆ ವೀಸಾ ಸಿಗಲಿಲ್ಲ. ಕೂಡಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಅಲ್ಲಿನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ವಿಭಾಗದ ಒಲಿಂಪಿಕ್ ಅರ್ಹತಾ ಸ್ಥಾನಗಳನ್ನು ಹಿಂತೆಗೆದುಕೊಂಡಿತಲ್ಲದೆ, ಮುಂದಿನ ಕೂಟಗಳ ಆತಿಥ್ಯದ ಬಗ್ಗೆ ಭಾರತದೊಡನೆ ನಡೆಯುತ್ತಿದ್ದ ಮಾತುಕತೆಯನ್ನೇ ನಿಲ್ಲಿಸಿತು. ಕೇಂದ್ರ ಸರ್ಕಾರ ಲಿಖಿತ ಭರವಸೆ ಕೊಟ್ಟ ಮೇಲೆ, ಅದೇ ವರ್ಷದ ಜೂನ್‌ನಲ್ಲಿ ನಿರ್ಬಂಧ ತೆರವಾಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಪ್ರಕಟಿಸಿದ ನೀತಿಯಲ್ಲಿ ಪಾಕಿಸ್ತಾನದೊಡನೆ ದ್ವಿಪಕ್ಷೀಯ ಸ್ಪರ್ಧೆ ಇಲ್ಲವೆಂದು ಹೇಳಿ, ಬಹುರಾಷ್ಟ್ರೀಯ ಕೂಟಗಳನ್ನು ಬೇರೆಯಾಗಿಟ್ಟದ್ದರ ಹಿಂದೆ ಇಂಥ ಲೆಕ್ಕಾಚಾರವೂ ಇದ್ದೀತೆಂಬುದು ನನ್ನ ಊಹೆ.

ನೀವು ಕೇಳಿದ ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಈ ಕೂಟದಲ್ಲಿರುವುದೇ ಬೆರಳೆಣಿಕೆಯ ದೇಶಗಳು. 1984ರಲ್ಲಿ ಕಠ್ಮಂಡುವಿನಲ್ಲಿ ಏಳು ದೇಶಗಳೊಂದಿಗೆ ಆರಂಭವಾದ ಕೂಟಕ್ಕೆ 2004ರಲ್ಲಿ ಸೇರಿದ ಅಫ್ಗಾನಿಸ್ತಾನ 2016ರ ನಂತರ ಹೊರನಡೆದು ಮಧ್ಯ ಏಷ್ಯಾದ ಗುಂಪನ್ನು ಸೇರಿಕೊಂಡಿತು. ಉಳಿದ ಏಳರಲ್ಲಿ ಒಂದನ್ನು ಬಾಗಿಲಲ್ಲೇ ತಡೆದರೆ ಅದು ಪ್ರಾದೇಶಿಕ ಕೂಟವಾಗಿ ಉಳಿಯುವುದು ಕಷ್ಟ. ಕುಸ್ತಿ, ಹಾಕಿಗಳಲ್ಲಂತೂ ಸ್ಪರ್ಧೆಯೆಂಬುದೇ ಇರುವುದಿಲ್ಲ.

ಬೆಂಗಳೂರು ಇದರ ಸಣ್ಣ ರುಚಿ ನೋಡಿದೆ. 2023ರ ಜೂನ್ 21ರಿಂದ ಜುಲೈ 4ರವರೆಗೆ ಕಂಠೀರವದಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ನಡೆದಾಗ, ಮಾರಿಷಸ್‌ನಲ್ಲಿ ಆಡುತ್ತಿದ್ದ ಪಾಕಿಸ್ತಾನ ತಂಡಕ್ಕೆ ವೀಸಾ ತಡವಾಗಿ, ಆಟಗಾರರು ಪಂದ್ಯದ ದಿನವೇ ನಗರಕ್ಕೆ ಬಂದಿಳಿದರು. ಆ ಸಂಜೆ ಮಳೆಯಲ್ಲಿ ಭಾರತ 4–0ರಿಂದ ಗೆದ್ದಿತು, ಮೂರು ಗೋಲು ಸುನಿಲ್ ಛೆಟ್ರಿ ಅವರವು. ಗೆಲುವು ಗೆಲುವೇ ಸರಿ; ಆದರೂ ವಿಮಾನದಿಂದ ಇಳಿದು ನೇರ ಮೈದಾನಕ್ಕೆ ಬಂದಂತಿದ್ದ ತಂಡವನ್ನು ಸೋಲಿಸಿದ್ದರಲ್ಲಿ ನನಗೆ ಪೂರ್ತಿ ಸಂತೋಷವಾಗಲಿಲ್ಲ. ಒಂದು ಆಟದ ಒಂದು ತಂಡದ ವಿಷಯದಲ್ಲೇ ಇಷ್ಟು ತಡವಾದರೆ, ಇಪ್ಪತ್ತಕ್ಕೂ ಹೆಚ್ಚು ಕ್ರೀಡೆಗಳ ಕೂಟಕ್ಕೆ ನೂರಾರು ಆಟಗಾರರು, ತರಬೇತುದಾರರು, ತೀರ್ಪುಗಾರರು ಬರುವಾಗ ಏನಾದೀತು? ಆತಿಥ್ಯ ಕೇಳುವ ಮೊದಲು ಗೃಹ ಮತ್ತು ವಿದೇಶಾಂಗ ಸಚಿವಾಲಯಗಳಿಂದ ಈ ಖಾತರಿಯನ್ನು ಬರಹದಲ್ಲಿ ಪಡೆಯದಿದ್ದರೆ, ಟ್ರ್ಯಾಕ್‌ಗೆ ಹೊಸ ಹೊದಿಕೆ ಹಾಕಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಮೊದಲೇ ಟ್ರಾಫಿಕ್‌ನಲ್ಲಿ ನರಳುತ್ತಿರುವ ಊರಿಗೆ ಇನ್ನೊಂದು ಹೊರೆ ಏಕೆ? ಕೂಟದ ಹೆಸರಿನಲ್ಲಿ ಇನ್ನಷ್ಟು ಕೆರೆ, ಉದ್ಯಾನ ಹೋಗುವುದಿಲ್ಲವೇ?
– ಓದುಗರೊಬ್ಬರು, ಹಲಸೂರು

ಉತ್ತರ: ನಿಮ್ಮ ಆತಂಕಕ್ಕೆ ಚರಿತ್ರೆಯ ಆಧಾರವಿದೆ. ಕಂಠೀರವ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ವಿಧಿಗಳಿಗೆ ಬೇಕಾದ ಚಿಕ್ಕ ಕೊಳವಷ್ಟೇ ಪಕ್ಕದಲ್ಲಿ ಉಳಿದಿದೆ. ಶಾಂತಿನಗರದ ಹಾಕಿ ಮೈದಾನ ಅಕ್ಕಿತಿಮ್ಮನಹಳ್ಳಿ ಕೆರೆಯಾಗಿತ್ತು, ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯಾಗಿತ್ತು. ನಗರದ ಆಟವೆಲ್ಲ ಕೆರೆಗಳ ಮೇಲೆಯೇ ನಡೆದಿದೆ ಎಂದರೆ ಅತಿಶಯೋಕ್ತಿಯಾಗದು. ಆದ್ದರಿಂದಲೇ ಹೊಸ ಕ್ರೀಡಾಂಗಣವೊಂದನ್ನೂ ಕಟ್ಟದೆ ಕೂಟ ನಡೆಸುವುದಾದರೆ ಮಾತ್ರ ನಾನು ಇದರ ಪರ. ವಸತಿಗೂ ಹಳೆಯ ದಾರಿಯಿದೆ: 1997ರಲ್ಲಿ ಕ್ರೀಡಾಪಟುಗಳು ತಂಗಿದ್ದ ಕೋರಮಂಗಲದ ಕ್ರೀಡಾಗ್ರಾಮ ಆಮೇಲೆ ಜನವಸತಿಯಾಯಿತು. ಈಗ ಅಷ್ಟೂ ಬೇಡ, ಬೇಸಿಗೆ ರಜೆಯಲ್ಲಿ ಖಾಲಿಯಾಗುವ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಲಯಗಳು ಸಾಕು.

ಸಂಚಾರದ ವಿಷಯದಲ್ಲಿ ಕಂಠೀರವ ಮತ್ತು ಜ್ಞಾನಭಾರತಿಯ ಕಡೆಯ ಕೇಂದ್ರಗಳಿಗೆ ನೇರಳೆ ಮಾರ್ಗದ ಮೆಟ್ರೊ ಹತ್ತಿರವಿದೆ. ತೊಂದರೆ ಕೋರಮಂಗಲದ್ದು. ಅದಕ್ಕಿಂತ ಗಂಭೀರವಾದದ್ದು ಜನಸಂದಣಿ: 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಪ್ರವೇಶ ಉಚಿತವೇ, ಟಿಕೆಟ್ ಇದೆಯೇ, ಯಾವ ದ್ವಾರದಿಂದ ಎಷ್ಟು ಜನ ಎಂಬುದನ್ನು ವಾರಗಳ ಮೊದಲೇ ಪ್ರಕಟಿಸದ ಯಾವ ಕೂಟಕ್ಕೂ ಈ ನಗರ ಇನ್ನು ಒಪ್ಪಬಾರದು.

ಪ್ರಶ್ನೆ: ಹೇಗಿದ್ದರೂ ಪದಕಗಳೆಲ್ಲ ಭಾರತಕ್ಕೇ. ಇಂಥ ಕೂಟವನ್ನು ನೋಡಲು ಯಾರು ಬರುತ್ತಾರೆ?
– ಓದುಗರೊಬ್ಬರು, ವಿಜಯನಗರ

ಉತ್ತರ: ಪಟ್ಟಿ ನೋಡಿದರೆ ನಿಮ್ಮ ಮಾತು ನಿಜ. 2019ರಲ್ಲಿ ಭಾರತಕ್ಕೆ 174 ಚಿನ್ನ, ಎರಡನೆಯ ಸ್ಥಾನದ ನೇಪಾಳಕ್ಕೆ 51. ಭಾರತ ತನ್ನ ಅಗ್ರ ತಾರೆಗಳಲ್ಲಿ ಅನೇಕರನ್ನು ಮನೆಯಲ್ಲೇ ಉಳಿಸಿಯೂ ಬಂದ ಫಲ ಅದು. ಆದರೆ ಪಟ್ಟಿಯನ್ನು ಬದಿಗಿಟ್ಟು ಒಂದೊಂದೇ ಸ್ಪರ್ಧೆಯನ್ನು ನೋಡಿ. ಬಾಂಗ್ಲಾದೇಶದ ಶಾ ಆಲಂ 1985ರಲ್ಲಿ ಢಾಕಾದಲ್ಲಿ ಗೆದ್ದ 100 ಮೀಟರ್ ಓಟವನ್ನು 1987ರಲ್ಲಿ ಕೋಲ್ಕತ್ತಕ್ಕೆ ಬಂದು, ಭಾರತೀಯರ ಕಣ್ಣೆದುರೇ, ಮತ್ತೆ ಗೆದ್ದರು. 2019ರಲ್ಲಿ ಅದೇ ಓಟದ ಚಿನ್ನ ಮಾಲ್ದೀವ್ಸ್‌ನ ಹಸನ್ ಸಯೀದ್ ಅವರ ಪಾಲಾಯಿತು. ಆ ಕೂಟದಲ್ಲಿ ಅವರ ದೇಶಕ್ಕೆ ದೊರೆತ ಏಕೈಕ ಚಿನ್ನ ಅದು. 2016ರ ಪುರುಷರ ಫುಟ್‌ಬಾಲ್ ಫೈನಲ್‌ನಲ್ಲಿ ನೇಪಾಳವು ಗುವಾಹಟಿಯಲ್ಲೇ ಭಾರತವನ್ನು 2–1ರಿಂದ ಸೋಲಿಸಿತು.

ನಿಮ್ಮ ಪ್ರಶ್ನೆಯ ಹಿಂದಿರುವ ಅನುಮಾನ ಸಹಜವಾದದ್ದೇ, ಏಕೆಂದರೆ ನಮ್ಮಲ್ಲಿ ಕ್ರಿಕೆಟ್ ಬಿಟ್ಟರೆ ಗ್ಯಾಲರಿ ತುಂಬುವುದು ಅಪರೂಪ. ಆದರೂ ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಅತಿಥಿ ತಂಡವಾಗಿದ್ದ ಕುವೈತ್ ವಿರುದ್ಧದ 2023ರ ಫೈನಲ್ ಪಂದ್ಯ ಪೆನಾಲ್ಟಿಯವರೆಗೆ ಹೋದ ರಾತ್ರಿ ಕಂಠೀರವದಲ್ಲಿ ಕೂರಲು ಜಾಗವಿರಲಿಲ್ಲ. ನಿಮ್ಮ ಮನೆಯ ಮಕ್ಕಳು ಓಟ ಅಥವಾ ಈಜನ್ನು ಅಭ್ಯಾಸ ಮಾಡುತ್ತಿದ್ದರೆ, ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಬಸ್ಸಿನ ಟಿಕೆಟ್ಟಿನ ಖರ್ಚಿನಲ್ಲಿ ನೋಡುವ ಬೇರೆ ಅವಕಾಶ ಅವರಿಗೆ ಸುಲಭವಾಗಿ ಸಿಗುವುದಿಲ್ಲ.