ಪಹಣಿ ಇಲ್ಲದವನು ಒಳಗೇ ಇರಬೇಕಾ?

ತಿಪಟೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮ ಅಟ್ಟದ ಕೊಬ್ಬರಿ ಕದ್ದ ಕೇಸಿನಲ್ಲಿ ಇಬ್ಬರು ಸಿಕ್ಕಿಬಿದ್ದರು. ಇಬ್ಬರಿಗೂ ಬೇಲ್ ಆಯಿತು. ಒಬ್ಬ ಆರಾಮಾಗಿ ಓಡಾಡಿಕೊಂಡಿದ್ದಾನೆ. ಇನ್ನೊಬ್ಬ ಶ್ಯೂರಿಟಿ ಸಿಗದೆ ವರ್ಷದಿಂದ ಜೈಲಿನಲ್ಲಿದ್ದಾನೆ. ಅವನಾದರೂ ಅಲ್ಲೇ ಇರಲಿ. ಕೇಸ್ ಮಾತ್ರ ಮುಗಿಯುತ್ತಿಲ್ಲ. ನನಗೆ ಎರಡು ಸಲ ಸಮನ್ಸ್ ಬಂತು, ಕೊಬ್ಬರಿ ಹರಾಜಿನ ದಿನ ಅಂತ ಹೋಗಲಾಗಲಿಲ್ಲ. ಇಂಥವರ ಪರ ನೀವು ಯಾಕೆ ಬರೆಯುತ್ತೀರಿ?’

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಂಟು ಹತ್ತು ತಿಂಗಳು ಅಟ್ಟದಲ್ಲಿ ಕಾಪಾಡಿದ ಕಾಯಿ ಕೊಬ್ಬರಿ ಆಗುವ ಹೊತ್ತಿಗೆ ಕಳುವಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಆದರೆ ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಇಬ್ಬರ ಮೇಲೂ ಒಂದೇ ಆರೋಪ, ಇಬ್ಬರಿಗೂ ಬೇಲ್. ಶ್ಯೂರಿಟಿ ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆಂದು ಹೊಣೆ ನಿಲ್ಲುವವರು; ಅವರಿಂದ ಜಮೀನಿನ ಪಹಣಿ ಕೇಳುತ್ತಾರೆ. ಒಬ್ಬನ ಕಡೆಯವರ ಹತ್ತಿರ ಅದು ಇದ್ದಿರಬೇಕು, ಇನ್ನೊಬ್ಬನ ಕಡೆ ಇರಲಿಲ್ಲ. ವ್ಯತ್ಯಾಸ ಅಷ್ಟೇ ಅಲ್ವಾ?

ಕೋರ್ಟ್ ಆವರಣವೊಂದರಲ್ಲಿ ಒಬ್ಬ ಅಜ್ಜಿಯನ್ನು ನೋಡಿದ್ದೆ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರಲ್ಲಿ ಆಧಾರ್, ಪಹಣಿ, ಮಗನ ಬೇಲ್ ಆರ್ಡರ್. ಪಹಣಿ ತೀರಿಹೋದ ಗಂಡನ ಹೆಸರಿನಲ್ಲೇ ಇತ್ತು. ಖಾತೆ ಬದಲಾಗಿಲ್ಲ, ಇದು ನಡೆಯಲ್ಲ ಅಂದರು. ಅಜ್ಜಿ ಕಾಗದಗಳನ್ನೆಲ್ಲ ಮತ್ತೆ ಕವರಿಗೆ ಹಾಕಿಕೊಂಡು ಬಸ್ ಹತ್ತಿದರು.

ಇದು ಹೊಸ ರೋಗವಲ್ಲ. ಮೋತಿರಾಮ್ ಎಂಬ ಗಾರೆ ಕೆಲಸದವನಿಂದ ಕೆಳಗಿನ ಕೋರ್ಟ್ 10,000 ರೂಪಾಯಿಯ ಶ್ಯೂರಿಟಿ ಕೇಳಿತ್ತು. ಸಹೋದರ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಶ್ಯೂರಿಟಿ ಬೇಡ, 1,000 ರೂಪಾಯಿಗೆ ಅವನೇ ಬರೆದುಕೊಡುವ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿ ಎಂದರು. ಮರುವರ್ಷ ಬಿಹಾರದ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಬೇಗ ವಿಚಾರಣೆ ಆಗುವುದು ಸಂವಿಧಾನದ 21ನೇ ವಿಧಿಯ ಹಕ್ಕು ಅಂತಲೂ ಅದೇ ಕೋರ್ಟ್ ಹೇಳಿತು. ಆದರೂ 2022ರಲ್ಲಿ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಬರದ ವಿಚಾರಣಾಧೀನ ಕೈದಿಗಳೇ.

2023ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ದಾರಿ ತೋರಿಸಿದೆ. ಬೇಲ್ ಆಗಿ ಏಳು ದಿನದಲ್ಲಿ ಹೊರಬರದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟೇ ಷರತ್ತು ಸಡಿಲಿಸಬಹುದು. ನೀವು ಹೇಳುವ ಹುಡುಗನ ವಿಷಯದಲ್ಲಿ ಇದನ್ನು ಯಾರಾದರೂ ವಿಚಾರಿಸಿದ್ದಾರಾ?

ಇನ್ನು ಕೇಸ್ ಎಳೆಯುವ ಮಾತು. ತಜ್ಞರ ವರದಿ ಬಂದಿಲ್ಲ, ಆರೋಪಿಯನ್ನು ಜೈಲಿನಿಂದ ಕರೆತರಲು ಪೊಲೀಸರಿಲ್ಲ, ವಕೀಲರು ಬಂದಿಲ್ಲ, ಹೀಗೆ ವಾಯಿದೆ ಮೇಲೆ ವಾಯಿದೆ. ಅದರ ಜೊತೆ ದೂರು ಕೊಟ್ಟ ನೀವೇ ಎರಡು ಸಲ ತಪ್ಪಿಸಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ನೀವು ಹೋಗದ ಆ ಎರಡು ವಾಯಿದೆಯೂ ಅವನು ಜೈಲಿನಲ್ಲೇ ಕಳೆದಿದ್ದಾನೆ.

ಪತ್ರಿಕೆಗಳೂ ಕಮ್ಮಿಯಿಲ್ಲ. ಹಿಡಿದ ದಿನ ಮಾಲು ಮುಂದೆ ಇಟ್ಟು, ಪೊಲೀಸರ ಸಾಲಿನ ಜೊತೆ ಆರೋಪಿಯ ಫೋಟೊ ಹಾಕುತ್ತಾರೆ. ತಪ್ಪು ಮಾಡಿಲ್ಲ ಅಂತ ಕೋರ್ಟ್ ಬಿಟ್ಟರೆ ಒಳಪುಟದಲ್ಲೂ ಜಾಗ ಇಲ್ಲ. ಊರು ಆ ಫೋಟೊವನ್ನೇ ತೀರ್ಪು ಅಂದುಕೊಂಡು ಬಿಡುತ್ತದೆ. ಅವನ ತಂಗಿಗೆ ಗಂಡು ಸಿಗಲ್ಲ, ಅವನಿಗೆ ಕೂಲಿಗೆ ಕರೆಯುವವರಿಲ್ಲ.

ಮುಂದಿನ ವಾಯಿದೆಗೆ ದಯವಿಟ್ಟು ಹೋಗಿ, ನಡೆದದ್ದನ್ನು ಹೇಳಿ. ಕದ್ದದ್ದು ರುಜುವಾದರೆ ಶಿಕ್ಷೆಯಾಗಲಿ. ತೀರ್ಪು ಬಂದ ಮೇಲೆ ನಮಗೂ ಬರೆದು ತಿಳಿಸಿ. ಯಾರ ಪರ ಬಂದರೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂ.