ಎಚ್‌ಐವಿ ಲಸಿಕೆ ಬಂದರೆ ಜನ ಹಾಕಿಸಿಕೊಳ್ಳುವರೇ?

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಎಚ್‌ಐವಿಗೆ ಮುಂದೆ ಲಸಿಕೆ ಬಂದರೆ ನಮ್ಮ ಜನ ಒಪ್ಪಿ ಹಾಕಿಸಿಕೊಳ್ಳುವರೇ? ಹಾಕಿಸಿಕೊಂಡವರ ರಕ್ತಪರೀಕ್ಷೆ ‘ಪಾಸಿಟಿವ್’ ಬರುತ್ತದೆ ಎನ್ನುವುದು ನಿಜವೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಜನರ ಒಪ್ಪಿಗೆಗೆ ಅದೇ ದೊಡ್ಡ ತೊಡಕಾಗಬಹುದು. ಹೌದು, ಹಾಗೆ ಬರುವ ಸಾಧ್ಯತೆಯಿದೆ. ಸಾಮಾನ್ಯ ಪರೀಕ್ಷೆಯು ಮುಖ್ಯವಾಗಿ ಹುಡುಕುವುದು ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಲಸಿಕೆಯೂ ಅಂಥವನ್ನೇ ಹುಟ್ಟಿಸಿದರೆ ಸೋಂಕಿಲ್ಲದವರ ವರದಿಯೂ ಪಾಸಿಟಿವ್ ಆಗುತ್ತದೆ. ಪ್ರಾಯೋಗಿಕ ಲಸಿಕೆ ಪಡೆದ ಅನೇಕ ಸ್ವಯಂಸೇವಕರಲ್ಲಿ ಇದು ಕಂಡುಬಂದಿದೆ. ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ಆನುವಂಶಿಕ ವಸ್ತುವನ್ನು, ನೇರವಾಗಿ ಹುಡುಕುವ ಪರೀಕ್ಷೆಯಿಂದ ನಿಜಸ್ಥಿತಿ ತಿಳಿಯುತ್ತದೆ, ನಿಜ. ಆದರೆ ಹೆರಿಗೆಗೆ ಬಂದ ಹೆಣ್ಣುಮಗಳಿಗೋ, ಕೊಲ್ಲಿ ದೇಶದ ಕೆಲಸಕ್ಕಾಗಿ ತಪಾಸಣೆಗೆ ನಿಂತ ಯುವಕನಿಗೋ ಆ ಮೊದಲ ಕಾಗದವೇ ಆಘಾತವಾಗಬಲ್ಲದು. ಆದ್ದರಿಂದ ಈ ವಿಷಯವನ್ನು ಲಸಿಕೆ ಹಾಕುವ ಮುನ್ನವೇ ಬಿಡಿಸಿ ಹೇಳಬೇಕು, ಹಾಕಿಸಿಕೊಂಡದ್ದಕ್ಕೆ ದಾಖಲೆಯನ್ನೂ ಕೊಡಬೇಕು.

ಎಷ್ಟು ರಕ್ಷಣೆ ದೊರೆಯುತ್ತದೆ ಎಂಬುದನ್ನೂ ಮುಚ್ಚಿಡುವಂತಿಲ್ಲ. ಥಾಯ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2009ರಲ್ಲಿ ಬಂದಾಗ ಕಂಡದ್ದು ಸುಮಾರು ಶೇ. 31ರಷ್ಟು ರಕ್ಷಣೆ ಮಾತ್ರ. ದಕ್ಷಿಣ ಆಫ್ರಿಕಾದ ಪ್ರಯೋಗವನ್ನು 2020ರಲ್ಲಿ ಫಲವಿಲ್ಲವೆಂದು ನಿಲ್ಲಿಸಲಾಯಿತು. ಮುಂದೆ ಬರುವ ಲಸಿಕೆಯೂ ಅರೆ ರಕ್ಷಣೆಯದ್ದಾದರೆ, ಕಾಂಡೋಮ್ ಬಿಡಬಾರದೆಂದು ಜೊತೆಜೊತೆಗೇ ಹೇಳಬೇಕಾಗುತ್ತದೆ.

ಇನ್ನು ಜನ ಒಪ್ಪುವರೇ ಎಂಬ ಮಾತು. ಹೆಪಟೈಟಿಸ್ ಬಿ ಕೂಡ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುವ ಸೋಂಕೇ. ಆದರೂ ಹುಟ್ಟಿದ 24 ಗಂಟೆಯೊಳಗೆ ಅದರ ಲಸಿಕೆ ಹಾಕಿಸುವ ತಾಯಿಯ ನಡತೆಯನ್ನು ಯಾರೂ ಶಂಕಿಸುವುದಿಲ್ಲ, ಏಕೆಂದರೆ ಅದು ಎಲ್ಲ ಮಕ್ಕಳಿಗೂ ಹಾಕುವ ಲಸಿಕೆ. ಎಚ್‌ಐವಿ ಲಸಿಕೆಯನ್ನು ಲೈಂಗಿಕ ಕಾರ್ಯಕರ್ತೆಯರಿಗೆ, ಲಾರಿ ಚಾಲಕರಿಗೆ ಎಂದು ಹೆಸರಿಟ್ಟು ಹಂಚಿದರೆ, ಅತ್ಯಂತ ಅಗತ್ಯವಿರುವವರೇ ನೆರೆಹೊರೆಯವರ ಕಣ್ಣಿಗೆ ಅಂಜಿ ದೂರ ಉಳಿಯುತ್ತಾರೆ. ಗಂಡನಿಂದಲೇ ಸೋಂಕು ತಗಲುವ ಗೃಹಿಣಿಯಂತೂ ಆ ಪಟ್ಟಿಗೇ ಸೇರುವುದಿಲ್ಲ. ಯುವಜನರೆಲ್ಲರಿಗೂ, ಇತರ ಲಸಿಕೆಗಳನ್ನು ಕೊಡುವ ಜಾಗದಲ್ಲೇ ಕೊಟ್ಟರೆ ಬಹಳಷ್ಟು ಜನ ಬಂದಾರು ಎಂಬುದು ನನ್ನ ದೃಢ ನಂಬಿಕೆ.

ಲಸಿಕೆ ಬರುವ ಮೊದಲೇ ನೀವು ತಿಳಿಸಬಹುದಾದ ಒಂದು ಸಂಗತಿಯಿದೆ: 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಸಮ್ಮತಿಯಿಲ್ಲದೆ ಪರೀಕ್ಷಿಸುವುದೂ ಸೋಂಕಿನ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡುವುದೂ ನಿಷಿದ್ಧ.